ಮ್ಯಾಡ್ರಿಡ್‌ನ ಮೂರು ಗ್ಯಾಲರಿ: ರಜೆ ಚಿಕ್ಕದಿದ್ದರೆ ಯಾವುದು ಮೊದಲು?

ಮ್ಯಾಡ್ರಿಡ್‌ನಲ್ಲಿ ತಿಸೆನ್, ಪ್ರಾಡೊ, ರೈನಾ ಸೋಫಿಯಾ ಎಂಬ ಮೂರು ದೊಡ್ಡ ಚಿತ್ರ ಗ್ಯಾಲರಿಗಳು ಒಂದೇ ರಸ್ತೆಯ ಆಸುಪಾಸಿನಲ್ಲಿವೆ. ತಿಸೆನ್‌ನಿಂದ ಪ್ರಾಡೊಗೆ ಐದು ನಿಮಿಷ ನಡೆದರೆ ಸಾಕು. ಅಲ್ಲಿಂದ ರೈನಾ ಸೋಫಿಯಾಗೆ ಹತ್ತು ಹನ್ನೆರಡು ನಿಮಿಷ. ಇಷ್ಟು ಹತ್ತಿರ ಇರುವುದರಿಂದಲೇ ತೊಂದರೆ. ಒಂದೇ ದಿನ ಮೂರನ್ನೂ ಮುಗಿಸಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡನೆಯದು ಅರ್ಧ ಆಗುವಷ್ಟರಲ್ಲಿ ಕಾಲು ಸೋತಿರುತ್ತದೆ, ಕಣ್ಣು ಸುಮ್ನೆ ಗೋಡೆ ಮೇಲೆ ಹರಿದಾಡುತ್ತಿರುತ್ತದೆ.

ರಜೆಗೆ ಹೋದಾಗ ನಾನೂ ಅಕ್ಕನೂ ಮೂರನ್ನೂ ಬೇರೆ ಬೇರೆ ದಿನ ನೋಡಿದೆವು. ಪ್ರಾಡೊವನ್ನಂತೂ ಎರಡು ರೀತಿಯಲ್ಲಿ ನೋಡಿದೆವು, ಒಮ್ಮೆ ಸಂಜೆ ಉಚಿತವಾಗಿ, ಇನ್ನೊಮ್ಮೆ ಬೆಳಿಗ್ಗೆ ಟಿಕೆಟ್ ತೆಗೆದುಕೊಂಡು. ಅದರಿಂದ ನನಗೆ ಖಾತ್ರಿಯಾದದ್ದು ಇಷ್ಟು: ಎಷ್ಟು ಗ್ಯಾಲರಿ ನೋಡಿದಿರಿ ಅನ್ನುವುದಕ್ಕಿಂತ ಯಾವುದರ ನಂತರ ಯಾವುದನ್ನು ನೋಡಿದಿರಿ ಅನ್ನುವುದು ಮುಖ್ಯ.

ಹೆಚ್ಚಿನವರು ನೇರ ಪ್ರಾಡೊಗೆ ಹೋಗುತ್ತಾರೆ. ಹೆಸರು ದೊಡ್ಡದು, 1819ರಿಂದ ನಡೆಯುತ್ತಿರುವ ಸಂಗ್ರಹಾಲಯ. ಸೋಮವಾರದಿಂದ ಶನಿವಾರದವರೆಗೆ ಸಂಜೆ ಆರರಿಂದ ಎಂಟರವರೆಗೆ, ಭಾನುವಾರ ಐದರಿಂದ ಏಳರವರೆಗೆ ಪ್ರವೇಶ ಉಚಿತ. ಆದರೆ ಆರು ಗಂಟೆಗೆ ಮೊದಲೇ ಸರದಿ ಉದ್ದ ಬೆಳೆದಿರುತ್ತದೆ. ಒಳಗೆ ಕಾಲಿಟ್ಟ ಗಳಿಗೆಯಿಂದ ಗಡಿಯಾರದ ಮೇಲೇ ಕಣ್ಣು. ಎಲ್ಲರೂ ‘ಲಾಸ್ ಮೆನಿನಾಸ್’ ಎಂಬ ಹೆಸರಾಂತ ಚಿತ್ರ ಇರುವ ಕೋಣೆಗೆ ಓಡುತ್ತಾರೆ, ನಾವೂ ಓಡಿದೆವು. ಕಂಡದ್ದು ಚಿತ್ರಕ್ಕಿಂತ ಜಾಸ್ತಿ ಜನರ ತಲೆ.

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಟಿಕೆಟ್ ಹಿಡಿದು ಹೋದಾಗ ಅದೇ ಕೋಣೆ ಬೇರೆಯದೇ ಆಗಿತ್ತು. ವೆಲಾಸ್ಕೆಸ್ 1656ರಲ್ಲಿ ಬರೆದ ಈ ಚಿತ್ರ ಮೂರು ಮೀಟರಿಗಿಂತ ಎತ್ತರ ಇದೆ. ಹತ್ತಿರ ನಿಂತರೆ ರಾಜಕುಮಾರಿಯ ಉಡುಪು ಬರೀ ಬಣ್ಣದ ಗೀರು, ಕುಂಚ ಆತುರದಲ್ಲಿ ಬಳಿದುಹೋದ ಹಾಗೆ. ನಾಲ್ಕು ಹೆಜ್ಜೆ ಹಿಂದೆ ಬನ್ನಿ, ಅದೇ ಗೀರುಗಳು ಹೊಳೆಯುವ ಬಟ್ಟೆಯಾಗುತ್ತವೆ. ಹೀಗೆ ಮುಂದೆ ಹಿಂದೆ ಓಡಾಡಲು ಜಾಗ ಬೇಕಲ್ವಾ? ಉಚಿತದ ಸಂಜೆಯಲ್ಲಿ ಆ ಜಾಗ ಸಿಗುವುದಿಲ್ಲ. ಪ್ರಾಡೊ ಒಳಗೆ ಫೋಟೊ ತೆಗೆಯುವಂತಿಲ್ಲ. ಇದು ನನಗೆ ತುಂಬಾ ಇಷ್ಟವಾದ ನಿಯಮ. ಕೈಯಲ್ಲಿ ಮೊಬೈಲ್ ಇಲ್ಲದ ಜನ ನಿಜವಾಗಿ ನೋಡುತ್ತಾರೆ.

ಆಮೇಲೆ ಗೋಯಾ ಅವರ ಕಪ್ಪು ಚಿತ್ರಗಳು. ವಯಸ್ಸಾದ ಮೇಲೆ ತಾವಿದ್ದ ಮನೆಯ ಗೋಡೆಗಳ ಮೇಲೆಯೇ ಅವರು ಬಿಡಿಸಿದ ಹದಿನಾಲ್ಕು ಚಿತ್ರಗಳಿವು. ಗೋಡೆಯಿಂದ ಕ್ಯಾನ್ವಾಸಿಗೆ ತಂದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳ ನಂತರ. ಅದರಲ್ಲಿ ಒಂದು ನಾಯಿಯ ಚಿತ್ರವಿದೆ. ಕೆಳಗೆ ನಾಯಿಯ ತಲೆ ಮಾತ್ರ ಕಾಣುತ್ತದೆ, ಅದು ಮೇಲೆ ನೋಡುತ್ತಿದೆ. ಮೇಲೆ ಇರುವುದು ಮಾಸಲು ಹಳದಿ, ಬೇರೇನೂ ಇಲ್ಲ. ಅಲ್ಲಿಂದ ಕದಲಲು ನನಗೆ ಮನಸ್ಸೇ ಬರಲಿಲ್ಲ. ಈ ಎರಡು ಕೋಣೆ ಮತ್ತು ಬಾಷ್ ಅವರ ಮೂರು ಹಲಗೆಯ ದೊಡ್ಡ ಚಿತ್ರ, ಒಂದು ಬೆಳಗಿಗೆ ಇಷ್ಟು ಸಾಕು.

ಇಷ್ಟೆಲ್ಲ ಹೊಗಳಿಯೂ ಮೊದಲ ದಿನಕ್ಕೆ ನಾನು ಪ್ರಾಡೊ ಹೇಳುವುದಿಲ್ಲ, ತಿಸೆನ್ ಹೇಳುತ್ತೇನೆ. ಇದು ಒಂದು ಮನೆತನ ಕೂಡಿಟ್ಟ ಸಂಗ್ರಹ. 1992ರಲ್ಲಿ ಇಲ್ಲಿ ತೆರೆಯಿತು, ಮರುವರ್ಷ ಸ್ಪೇನ್ ಸರ್ಕಾರ ಕೊಂಡುಕೊಂಡಿತು. ಮೇಲಿನ ಮಹಡಿಯಲ್ಲಿ ಇಟಲಿಯ ಹಳೆಯ ಚಿನ್ನದ ಹಿನ್ನೆಲೆಯ ಚಿತ್ರಗಳಿಂದ ಶುರು ಮಾಡಿ, ಒಂದೊಂದೇ ಮಹಡಿ ಇಳಿಯುತ್ತಾ ಇಪ್ಪತ್ತನೇ ಶತಮಾನಕ್ಕೆ ಬರುತ್ತೀರಿ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಯಾವುದರ ನಂತರ ಯಾವುದು ಬಂತು ಎಂದು ಕಾಲಿಗೇ ಗೊತ್ತಾಗುತ್ತದೆ. ಚಿತ್ರಕಲೆ ಓದಿಲ್ಲದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಇಲ್ಲಿ ವಾನ್ ಐಕ್ ಅವರ ಒಂದು ಪುಟ್ಟ ಜೋಡಿ ಚಿತ್ರವಿದೆ. ಒಂದು ಹಲಗೆಯಲ್ಲಿ ದೇವದೂತ, ಇನ್ನೊಂದರಲ್ಲಿ ಮೇರಿ. “ಇದು ಕಲ್ಲಿನ ವಿಗ್ರಹ ಅಲ್ವೇನೇ?” ಎಂದಳು ಅಕ್ಕ. ಅಲ್ಲ, ಬರೀ ಬಣ್ಣ. ವಿಗ್ರಹದ ಹಿಂದೆ ನುಣುಪಾದ ಕರಿಕಲ್ಲು ಇದ್ದಂತೆ ಬಿಡಿಸಿ, ಅದರಲ್ಲಿ ವಿಗ್ರಹದ ಬೆನ್ನಿನ ಪ್ರತಿಬಿಂಬವನ್ನೂ ಬಿಡಿಸಿದ್ದಾರೆ. ಸುಮಾರು 600 ವರ್ಷದ ಹಿಂದೆ! ಇದನ್ನು ನೋಡಿ ಪ್ರಾಡೊಗೆ ಹೋದದ್ದರಿಂದಲೇ, ‘ಲಾಸ್ ಮೆನಿನಾಸ್’ನ ಹಿಂದಿನ ಗೋಡೆಯ ಕನ್ನಡಿಯಲ್ಲಿರುವ ರಾಜ ರಾಣಿಯರ ಮಸುಕು ಮುಖ ಅಕ್ಕನ ಕಣ್ಣಿಗೆ ತಟ್ಟನೆ ಬಿತ್ತು. ತಿಸೆನ್‌ನಲ್ಲಿ ತಲೆ ತಿರುಗಿಸುವಂಥ ಮಹಾ ಚಿತ್ರಗಳು ಕಡಿಮೆ, ಅದು ನಿಜ. ಆದರೆ ಕಣ್ಣು ಪಳಗುವುದು ಇಲ್ಲೇ.

ರೈನಾ ಸೋಫಿಯಾ ಹಳೆಯ ಆಸ್ಪತ್ರೆಯ ಕಟ್ಟಡ. ನಿಜ ಹೇಳಬೇಕೆಂದರೆ ಅದರ ಎಷ್ಟೋ ಕೋಣೆಗಳು ನನ್ನನ್ನು ಹಿಡಿದು ನಿಲ್ಲಿಸಲಿಲ್ಲ. ಡಾಲಿ ತಮ್ಮ ತಂಗಿಯನ್ನು ಕಿಟಕಿಯ ಬಳಿ ಬೆನ್ನು ಮಾಡಿ ನಿಲ್ಲಿಸಿ ಬರೆದ 1925ರ ಚಿತ್ರ ಚೆನ್ನಾಗಿದೆ. ಉಳಿದಂತೆ ಹೋಗಬೇಕಾದ್ದು ‘ಗೆರ್ನಿಕಾ’ಗಾಗಿ. 1937ರ ಏಪ್ರಿಲ್‌ನಲ್ಲಿ ಸ್ಪೇನಿನ ಗೆರ್ನಿಕಾ ಎಂಬ ಊರಿನ ಮೇಲೆ ಬಾಂಬ್ ಬಿದ್ದ ನಂತರ ಪಿಕಾಸೊ ಬರೆದ ಚಿತ್ರ ಇದು. ಎತ್ತರ ಸುಮಾರು ಮೂರೂವರೆ ಮೀಟರ್, ಅಗಲ ಎಂಟು ಮೀಟರಿಗೆ ತುಸು ಕಡಿಮೆ. ಬಹಳ ವರ್ಷ ನ್ಯೂಯಾರ್ಕ್‌ನಲ್ಲಿದ್ದು 1981ರಲ್ಲಷ್ಟೇ ಸ್ಪೇನಿಗೆ ಬಂತು. ಕುದುರೆಯ ಮೈಮೇಲೆ ಅಚ್ಚಿನ ಅಕ್ಷರಗಳಂಥ ಸಣ್ಣ ಸಣ್ಣ ಗೆರೆಗಳಿವೆ. ಕೆಳಗೆ ಬಿದ್ದ ಕೈ, ಮುರಿದ ಕತ್ತಿ, ಅದರ ಪಕ್ಕ ಒಂದು ಪುಟ್ಟ ಹೂವು. ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದರೂ ಆ ಹೂವು ನನಗೆ ಕಂಡದ್ದು ಅಲ್ಲಿಯೇ. 2023ರಿಂದ ಅದರ ಫೋಟೊ ತೆಗೆಯಲು ಬಿಡುತ್ತಿದ್ದಾರೆ. ಹಾಗಾಗಿ ಮುಂದಿನ ಸಾಲಿನಲ್ಲಿ ಮೊಬೈಲ್‌ಗಳು ಮೇಲೇಳುತ್ತಲೇ ಇರುತ್ತವೆ. ಬದಿಗೆ ಸರಿದು ನಿಂತರೆ ಪರವಾಗಿಲ್ಲ.

ಇಲ್ಲಿ ಮಾತ್ರ ಉಚಿತದ ಸಂಜೆ ಸಾಕು, ಏಳರಿಂದ ಒಂಬತ್ತು. ಒಂದೇ ಚಿತ್ರಕ್ಕಾಗಿ ಹೋಗುವವರಿಗೆ ಎರಡು ಗಂಟೆ ಧಾರಾಳ. ಮಂಗಳವಾರ ಬಾಗಿಲು ಮುಚ್ಚಿರುತ್ತದೆ, ಭಾನುವಾರ ಈ ಸಂಜೆಯ ಸೌಲಭ್ಯ ಇರುವುದಿಲ್ಲ. ತಿಸೆನ್‌ನಲ್ಲಿ ಸೋಮವಾರ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಶಾಶ್ವತ ಸಂಗ್ರಹ ಉಚಿತ. ಆದ್ದರಿಂದ ಸೋಮವಾರ ಊರು ತಲುಪುವ ಹಾಗೆ ಟಿಕೆಟ್ ಮಾಡಿಸಿ. ಅವತ್ತು ತಿಸೆನ್, ಮಂಗಳವಾರ ಬೆಳಿಗ್ಗೆ ದುಡ್ಡು ಕೊಟ್ಟು ಪ್ರಾಡೊ, ಬುಧವಾರ ಸಂಜೆ ‘ಗೆರ್ನಿಕಾ’.