2 ಟಿಬಿ ಎಂದು ಕೊಟ್ಟ ಡಿಸ್ಕಿನೊಳಗೆ ಎಂತ ಇತ್ತು ಗೊತ್ತುಂಟಾ?

ಮೊದಲೇ ಹೇಳುತ್ತೇನೆ, ತಪ್ಪು ನನ್ನದೂ ಉಂಟು. ಬಿಲ್ ತೆಗೆದುಕೊಳ್ಳಲಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಡಿಸ್ಕ್ ಕೊಟ್ಟ ಮನುಷ್ಯ ಈಗಲೂ ಮಂಗಳೂರಿನಲ್ಲಿ ಇದೇ ವ್ಯಾಪಾರ ಮಾಡುತ್ತಿದ್ದಾನೆ.

ನನಗೆ ಬೇಕಾಗಿದ್ದದ್ದು ಸಣ್ಣ ವಿಷಯ. ಆಗಾಗ ಮತ್ಸ್ಯಗಂಧ ರೈಲಿನಲ್ಲಿ ಮುಂಬೈಗೆ ಹೋಗುತ್ತೇನೆ. ಕೊಂಕಣ ರೈಲ್ವೆಯ ಸುರಂಗಗಳಲ್ಲಿ ನೆಟ್‌ವರ್ಕ್ ಕಥೆ ನಿಮಗೆ ಗೊತ್ತಲ್ಲ. ಹಾಗಾಗಿ ನೆಟ್ ಇಲ್ಲದೆಯೂ ಹಾಡು ಕೇಳಲಿಕ್ಕೆ ಅಂಗೈಯಗಲದ ಒಂದು ಪೆಟ್ಟಿಗೆ ಮಾಡಿಸುವ ಅಂದುಕೊಂಡೆ. ಒಳಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಹಾಡು ತುಂಬಿಸಲಿಕ್ಕೆ 2 ಟಿಬಿಯ ಒಂದು ಎಸ್‌ಎಸ್‌ಡಿ ಡಿಸ್ಕ್. ಪವರ್ ಬ್ಯಾಂಕಿನಲ್ಲಿ ಓಡಬೇಕು, ತನ್ನದೇ ವೈಫೈ ಬಿಡಬೇಕು. ಮೊಬೈಲಿನಲ್ಲಿ ಆರಿಸಿದ ಹಾಡು ಯುಎಸ್‌ಬಿಯಿಂದ ನನ್ನ ಡ್ಯಾಕ್‌ಗೆ (ಡಿಜಿಟಲ್ ಹಾಡನ್ನು ಹೆಡ್‌ಫೋನಿಗೆ ಬೇಕಾದ ಸಿಗ್ನಲ್ ಮಾಡುವ ಸಾಧನ), ಅಲ್ಲಿಂದ ಹೆಡ್‌ಫೋನಿಗೆ. ಫ್ಯಾನ್ ಇರಬಾರದು. ಇದನ್ನು ಮೂರು ಸಲ ಹೇಳಿದ್ದೆ.

ಹಂಪನಕಟ್ಟೆ ಕಡೆ ಮಹಡಿ ಮೇಲಿನ ಒಂದು ರೂಮಿನಲ್ಲಿ ಕೂತು ಮಾಡಿಕೊಡುವವ. ಎಲ್ಲ ಸೇರಿ 16,500 ಎಂದ. ಆ ರೇಟಿಗೆ 2 ಟಿಬಿ ಡಿಸ್ಕ್ ಹೇಗೆ ಬರುತ್ತದೆ ಎಂದು ನನ್ನ ಮಂಡೆಗೆ ಹೋಗಬೇಕಿತ್ತು. ಹೋಗಲಿಲ್ಲ. “ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಾಸ್ತಿ ಆಗ್ತದೆ ಸರ್, ಸುಮ್ನೆ ಯಾಕೆ?” ಎಂದ. ನಾನೂ ದೊಡ್ಡ ಬುದ್ಧಿವಂತನ ಹಾಗೆ ಜಿಪೇ ಮಾಡಿದೆ.

ಪೆಟ್ಟಿಗೆ ಬಂತು. ಆನ್ ಮಾಡಿದರೆ ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗೆ ಗುಂಯ್ ಎನ್ನುತ್ತದೆ. ಫ್ಯಾನ್! ಕೇಳಿದರೆ, “ನಮ್ಮೂರಿನ ಸೆಕೆಗೆ ಬೇಕಾಗ್ತದೆ ಸರ್. ಹೆಡ್‌ಫೋನ್ ಹಾಕಿದ ಮೇಲೆ ಎಲ್ಲಿ ಕೇಳ್ತದೆ?” ಅಲ್ಲ ಮಾರಾಯ್ರೆ, ದಪ್ಪ ಅಲ್ಯುಮಿನಿಯಂ ಕೇಸ್ ಇದ್ದರೆ ಬಿಸಿಯನ್ನು ಅದೇ ಎಳೆದುಕೊಳ್ಳುತ್ತದೆ. ಬರೀ ಹಾಡು ಓಡಿಸಲಿಕ್ಕೆ ಫ್ಯಾನ್ ಯಾಕೆ? ಗೊಣಗುತ್ತಾ ಕೇಸ್ ಬದಲಿಸಿ ಕೊಟ್ಟ. ಅದರಲ್ಲೂ ಬಿಸಿ ದಾಟಲಿ ಎಂದು ಚಿಪ್‌ಗೂ ಮುಚ್ಚಳಕ್ಕೂ ನಡುವೆ ಇಡುವ ಪ್ಯಾಡಿನ ಪ್ಲಾಸ್ಟಿಕ್ ಸಿಪ್ಪೆಯನ್ನೇ ತೆಗೆದಿರಲಿಲ್ಲ. ಆವತ್ತೇ ದುಡ್ಡು ವಾಪಸ್ ಕೇಳಬೇಕಿತ್ತು. ಆವತ್ತೇ.

ಇನ್ನು ಮುಖ್ಯ ವಿಷಯ. ಅಪ್ಪನ 58 ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಳೆದ ಮಳೆಗಾಲ ಪೂರ್ತಿ ಕೂತು ಲ್ಯಾಪ್‌ಟಾಪಿಗೆ ಹಾಕಿದ್ದೆ. ಒಂದೊಂದು 90 ನಿಮಿಷ. ಕ್ಯಾಸೆಟ್ ಓಡುವಷ್ಟು ಹೊತ್ತೂ ಕಾಯಲೇಬೇಕು, ಅಡ್ಡದಾರಿ ಇಲ್ಲ. ಎಲ್ಲ ವೇವ್ ಫೈಲ್ (ಕುಗ್ಗಿಸದ ಧ್ವನಿ), ಗಂಟೆಗೆ 600 ಎಂಬಿ ಚಿಲ್ಲರೆ. ಒಟ್ಟು 55 ಜಿಬಿ ಆಗಿತ್ತು. ಮೊದಲು ಅದನ್ನೇ ಪೆಟ್ಟಿಗೆಗೆ ಹಾಕಿ ಕೇಳಿದೆ. ಎಷ್ಟು ಚಂದ ಕೇಳಿತು ಅಂದರೆ, ಲ್ಯಾಪ್‌ಟಾಪಿನಲ್ಲಿ ಜಾಗ ಇಲ್ಲವೆಂದು ಅಲ್ಲಿಂದ ಅಳಿಸಿಬಿಟ್ಟೆ. ಹೌದು, ಅಳಿಸಿದೆ. ಬೈಯುವವರು ಬೈಯಿರಿ. ಆಮೇಲೆ ಸಿಡಿಗಳಿಂದ ತೆಗೆದಿಟ್ಟ 350 ಜಿಬಿ ಹಾಡನ್ನು ಎರಡು ರಾತ್ರಿ ತುಂಬಿಸಿದೆ.

ರೈಲಿನಲ್ಲಿ ಪಕ್ಕದಲ್ಲಿ ಭಾವ. ಕುಂದಾಪುರ ದಾಟುವಾಗ ಕೊಚ್ಚಿಕೊಂಡೆ, “ಭಾವ, ನಿಮ್ಮ ಮಾವನ ಕ್ಯಾಸೆಟ್ ಎಲ್ಲ ಇದರೊಳಗೆ ಉಂಟು.” ಹೆಡ್‌ಫೋನ್ ಅವರ ತಲೆಗೇ ಹಾಕಿದೆ. ಎರಡು ನಿಮಿಷ ತಲೆ ಆಡಿಸಿದರು. ಆಮೇಲೆ ನನ್ನ ಮುಖ ನೋಡಿದರು. “ಎಂತ ಭಾವ, ಕರ್ಣ ಮಾತಾಡ್ತಾ ಮಾತಾಡ್ತಾ ಸ್ಯಾಕ್ಸೋಫೋನ್ ಊದ್ಲಿಕ್ಕೆ ಶುರು ಮಾಡಿದ?”

ತಮಾಷೆ ಅಂದುಕೊಂಡೆ. ನಾನು ಹಾಕಿ ಕೇಳಿದೆ. ಕರ್ಣನ ಮಾತು ಹೇಳುವ ಅರ್ಥಧಾರಿಯ ವಾಕ್ಯ ಅರ್ಧದಲ್ಲಿ ಕತ್ತರಿಸಿ, ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್. ಮುಂದಿನ ಫೈಲ್ ಒತ್ತಿದೆ, ಅದರಲ್ಲೂ ಬೇರೆ ಯಾವುದೋ ಹಾಡಿನ ನಡುವಿನ ತುಂಡು. ಹೆಸರುಗಳು ಮಾತ್ರ ಸಾಲಾಗಿ, ಚಂದಕ್ಕೆ ಕೂತಿವೆ. ಒಳಗೆ ಅಪ್ಪನ ಕ್ಯಾಸೆಟ್ ಇಲ್ಲ. ಭಾವನ ಎದುರು ನನ್ನ ಮುಖ ಹೇಗಾಗಿರಬಹುದು ಯೋಚಿಸಿ.

ಮುಂಬೈ ಮುಟ್ಟಿದ ಮೇಲೆ ಡಿಸ್ಕಿನ ಡಬ್ಬ ಬಿಚ್ಚಿದೆ. ಹೆಬ್ಬೆರಳಿನಷ್ಟು ಒಂದು ಬೋರ್ಡ್. ಅದರ ಮೇಲೆ ಅಂಟು ಸುರಿದು ಕೂರಿಸಿದ ಮೈಕ್ರೋ ಎಸ್‌ಡಿ ಕಾರ್ಡ್, 64 ಜಿಬಿ. ತೂಕ ಬರಲಿ ಎಂದು ಮೂಲೆಯಲ್ಲಿ ಒಂದು ಕಬ್ಬಿಣದ ತುಂಡು. ಕಂಪ್ಯೂಟರಿಗೆ 2 ಟಿಬಿ ಎಂದು ಸುಳ್ಳು ಹೇಳುವ ಹಾಗೆ ಮಾಡಿಟ್ಟಿದ್ದಾರೆ. 64 ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತಾ ಹೋಗಿದೆ. ಕಬ್ಬಿಣದ ತುಂಡು, ಮಾರಾಯ್ರೆ!

ಅವನ ಉತ್ತರಗಳು ಕೇಳಿ. ಮೊದಲು, “ಫಾರ್ಮ್ಯಾಟ್ ಮಾಡಿ ನೋಡಿ ಸರ್.” ಆಮೇಲೆ, “ನೀವು ಒಟ್ಟಿಗೆ ಜಾಸ್ತಿ ತುಂಬಿಸಿದ್ದೀರಿ.” 2 ಟಿಬಿಗೆ 400 ಜಿಬಿ ಜಾಸ್ತಿಯಾ? ಫೋಟೋ ಕಳಿಸಿದೆ. “ಓಪನ್ ಮಾಡಿದ್ರೆ ವಾರಂಟಿ ಇಲ್ಲ ಸರ್.” ಕೊನೆಗೆ, “ನನಗೂ ಹೀಗೇ ಬಂದದ್ದು, ನಾನೂ ಮೋಸ ಹೋದವನೇ.” ಹಾಗಾದರೆ ದುಡ್ಡು ಅರ್ಧವಾದರೂ ಕೊಡಿ ಎಂದೆ. ನೀಲಿ ಟಿಕ್ ಬಂತು. ಮರುದಿನ ಡಿಪಿಯೇ ಕಾಣಲಿಲ್ಲ. ಬ್ಲಾಕ್.

ಮಾಡಿಸುವವರು ಪೈ, ಕೇಸ್ ಯಾರಿಂದಲಾದರೂ ಮಾಡಿಸಿ, ಡಿಸ್ಕ್ ಮಾತ್ರ ನೀವೇ ಬಿಲ್ ಸಮೇತ ತನ್ನಿ. ತಂದ ದಿನ ಖಾಲಿ ಇರುವಾಗಲೇ ಎಚ್‌2ಟೆಸ್ಟ್‌ಡಬ್ಲ್ಯೂ ಅಥವಾ ಎಫ್‌3 ಎಂಬ ಡಿಸ್ಕ್ ಪರೀಕ್ಷಿಸುವ ಸಾಫ್ಟ್‌ವೇರ್ ಓಡಿಸಿ. ಅದು ಡಿಸ್ಕನ್ನು ಪೂರ್ತಿ ತುಂಬಿಸಿ, ತಿರುಗಿ ಓದಿ ನೋಡುತ್ತದೆ. ಗಂಟೆಗಟ್ಟಲೆ ಆಗುತ್ತದೆ, ಆಗಲಿ.

ಕ್ಯಾಸೆಟ್‌ಗಳು ಅಟ್ಟದಲ್ಲಿ ಉಂಟು, ಅರ್ಧಕ್ಕೆ ಬೂಷ್ಟು ಹಿಡಿದಿದೆ. ಮೊದಲಿನಿಂದ ಶುರು ಮಾಡಿದ್ದೇನೆ, 4 ಆಯಿತು. ನಿನ್ನೆ ಗೆಳೆಯನೊಬ್ಬ ಆ ಪೆಟ್ಟಿಗೆ ಮಾಡಿಕೊಟ್ಟವನ ಸ್ಟೇಟಸ್ ತೋರಿಸಿದ. “ಟ್ರಾವೆಲ್ ಮ್ಯೂಸಿಕ್ ಸರ್ವರ್, 2 ಟಿಬಿ, ಫುಲ್ ಸೈಲೆಂಟ್.” ಫೋಟೋದಲ್ಲಿರುವುದು ನನ್ನದೇ ಪೆಟ್ಟಿಗೆ. ಪಕ್ಕದಲ್ಲಿ ನನ್ನದೇ ಡ್ಯಾಕ್.