ಸೀಡರ್ ಹಿಲ್: ಫ್ರೆಡರಿಕ್ ಡಗ್ಲಸ್ ಮನೆಗೆ ಓದಿಕೊಂಡೇ ಹೋಗಿ

ಫ್ರೆಡರಿಕ್ ಡಗ್ಲಸ್ ಗುಲಾಮರಾಗಿ ಹುಟ್ಟಿ, ಪಾರಾಗಿ, ಅಮೆರಿಕದ ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ನಾಯಕ. ವಾಷಿಂಗ್ಟನ್ ಡಿ.ಸಿ.ಯ ಅನಕೋಸ್ಟಿಯಾ ಗುಡ್ಡದ ಮೇಲಿರುವ ಅವರ ಈ ಮನೆ ಈಗ ಅಲ್ಲಿನ ಸರ್ಕಾರಿ ಸಂಸ್ಥೆ ನ್ಯಾಷನಲ್ ಪಾರ್ಕ್ ಸರ್ವಿಸ್ ಕೈಯಲ್ಲಿದೆ. ಆವರಣದಲ್ಲಿ ಓಡಾಡಲು ದುಡ್ಡಿಲ್ಲ. ಮನೆಯೊಳಗೆ ಹೋಗಬೇಕೆಂದರೆ ರೇಂಜರ್ (ಆ ಸಂಸ್ಥೆಯ ಸಿಬ್ಬಂದಿ) ಜೊತೆಯಲ್ಲೇ ಹೋಗಬೇಕು. ಆನ್‌ಲೈನಿನಲ್ಲಿ ಸಮಯ ಗೊತ್ತುಮಾಡಿಕೊಂಡರೆ ತಲೆಗೆ 1 ಡಾಲರ್ ಸೇವಾಶುಲ್ಕ, ಅಷ್ಟೇ. ಕೋಣೆಗಳು ಇಕ್ಕಟ್ಟಾದ್ದರಿಂದ ಒಂದು ತಂಡಕ್ಕೆ ಕೆಲವರನ್ನಷ್ಟೇ ಬಿಡುತ್ತಾರೆ. ಸುಮ್ಮನೆ ಹೋಗಿ ನಿಂತರೆ ಜಾಗ ಸಿಗುವ ಭರವಸೆಯಿಲ್ಲ. ಕೆಳಗಿನ ಸಂದರ್ಶಕರ ಕೇಂದ್ರದಿಂದ ಮನೆಗೆ 85 ಮೆಟ್ಟಿಲು, ಹಾಗಾಗಿ ಗೊತ್ತಾದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಅಲ್ಲಿರಿ.

ಇಲ್ಲಿ ಬರುವವರು ಮೊದಲೇ ತಿಳಿದಿರಬೇಕಾದದ್ದು ಒಂದಿದೆ. ಡಗ್ಲಸ್ ಈ ಮನೆ ಕೊಂಡದ್ದು 1877ರಲ್ಲಿ. ಗುಲಾಮಗಿರಿ ಕಾನೂನಿನ ಪ್ರಕಾರ ರದ್ದಾದದ್ದು 1865ರಲ್ಲಿ. ಅವರ ಹೋರಾಟದ ಬಹುಪಾಲು ನಡೆದದ್ದು ಬೇರೆಡೆ. 1838ರಲ್ಲಿ ಗುಲಾಮಗಿರಿಯಿಂದ ಪಾರಾಗಲು ನಾವಿಕನ ವೇಷದಲ್ಲಿ, ಇನ್ನೊಬ್ಬರ ಗುರುತಿನ ಕಾಗದ ಹಿಡಿದು ಬಾಲ್ಟಿಮೋರ್‌ನಿಂದ ರೈಲು ಹತ್ತಿದರು. 1845ರಲ್ಲಿ ಆತ್ಮಕಥೆ ಅಚ್ಚಾಗಿ ಹಳೆಯ ಒಡೆಯನ ಹೆಸರೂ ಬಯಲಾದಾಗ ಮತ್ತೆ ಹಿಡಿದೊಯ್ಯುವ ಅಪಾಯ ಎದುರಾಯಿತು. ಅಟ್ಲಾಂಟಿಕ್ ದಾಟಿ ಐರ್ಲೆಂಡ್, ಬ್ರಿಟನ್ ಸೇರಿದರು. ಅಲ್ಲಿನ ಗೆಳೆಯರು 1846ರಲ್ಲಿ ಹಣ ಕೂಡಿಸಿ ಅವರ ಬಿಡುಗಡೆಯನ್ನು ಕೊಂಡರು. 1847ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಅವರ 'ನಾರ್ತ್ ಸ್ಟಾರ್' ಪತ್ರಿಕೆ ಶುರುವಾಯಿತು. ಆ ಊರಿನ ಮನೆ 1872ರಲ್ಲಿ ಸುಟ್ಟುಹೋಯಿತು, ಜೊತೆಗೆ ಅವರ ಪತ್ರಿಕೆಯ ಸಂಪುಟಗಳೂ. ಆ ನಷ್ಟ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಷ್ಟು ಗೊತ್ತಿಲ್ಲದೆ ಒಳಗೆ ಹೋದರೆ ಕಾಣುವುದು ಅನುಕೂಲಸ್ಥ ಹಿರಿಯರೊಬ್ಬರ ಮನೆ ಮಾತ್ರ. ಗೊತ್ತಿದ್ದರೆ ಒಂದೊಂದು ವಸ್ತುವೂ ಬಾಯಿಬಿಡುತ್ತದೆ. ಲೈಬ್ರರಿಯಲ್ಲಿ ಅವರು ಬರೆಯುತ್ತಿದ್ದ ಮೇಜು, ಸುತ್ತ ಪುಸ್ತಕದ ಸಾಲು: ಅಕ್ಷರ ಕಲಿಸುವುದೇ ಅಪಾಯ ಎಂದು ಒಡೆಯ ತನ್ನ ಹೆಂಡತಿಯನ್ನು ತಡೆದ ಮೇಲೂ ಬೀದಿಯ ಹುಡುಗರಿಂದ ಓದು ಕಲಿತವರ ಕೋಣೆ ಇದು. ಅಧ್ಯಕ್ಷ ಲಿಂಕನ್ ಕೊಲೆಯ ಬಳಿಕ ಅವರ ಹೆಂಡತಿ ಮೇರಿ ಲಿಂಕನ್ ಕೊಟ್ಟ ಊರುಗೋಲೂ ಇಲ್ಲಿನ ಸಂಗ್ರಹದ್ದೇ. ಅದಕ್ಕೂ ಮೊದಲು ಸೈನಿಕರ ಸಂಬಳದ ವಿಚಾರವಾಗಿ ಎದ್ದ ಜಗಳವನ್ನು ರೇಂಜರ್ ಬಳಿ ಕೇಳಿ. ಅಮೆರಿಕದ ಅಂತರ್ಯುದ್ಧದಲ್ಲಿ ಡಗ್ಲಸ್ ಕಪ್ಪು ಸೈನಿಕರನ್ನು ಸೇನೆಗೆ ಸೇರಿಸುತ್ತಿದ್ದರು, ಅವರ ಇಬ್ಬರು ಗಂಡುಮಕ್ಕಳೂ 54ನೇ ಮ್ಯಾಸಚೂಸೆಟ್ಸ್ ದಳ ಸೇರಿದ್ದರು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸೈನಿಕನಿಗೆ 10, ಅದರಲ್ಲೂ ಬಟ್ಟೆಗೆಂದು 3 ಕಡಿತ. ಇದನ್ನು 1863ರ ಆಗಸ್ಟ್‌ನಲ್ಲಿ ನೇರವಾಗಿ ಲಿಂಕನ್ ಮುಂದೆಯೇ ಇಟ್ಟರು.

ಕೊರತೆ ಸಮಯದ್ದು. ಸುಮಾರು ಅರ್ಧ ಗಂಟೆಯ ಸುತ್ತಿನಲ್ಲಿ ಲೈಬ್ರರಿಯ ಮುಂದೆ ನಿಲ್ಲಲು ಪುರುಸೊತ್ತು ಸಿಗುವುದಿಲ್ಲ. ಮೊದಲ ಹೆಂಡತಿ ಆನಾ, ಡಗ್ಲಸ್ ಪಾರಾಗುವುದಕ್ಕೆ ಹಣ ಹೊಂದಿಸಿಕೊಟ್ಟವರು. ಅವರ ಕೋಣೆ ಮಹಡಿಯಲ್ಲಿದೆ, ಅಲ್ಲಿ ಪ್ರಶ್ನೆ ಕೇಳಿದರೆ ಒಳ್ಳೆಯ ಉತ್ತರ ಸಿಗುತ್ತದೆ. ಸುತ್ತು ಮುಗಿದ ಮೇಲೆ ಹಿತ್ತಲಿಗೆ ಹೋಗಿ. ಡಗ್ಲಸ್ ಒಬ್ಬರೇ ಕೂತು ಓದಿ ಬರೆಯುತ್ತಿದ್ದ ಒಂದೇ ಕೋಣೆಯ ಕಲ್ಲಿನ ಗುಡಿಸಲನ್ನು ಅಲ್ಲಿ ಮತ್ತೆ ಕಟ್ಟಿದ್ದಾರೆ, ನೋಡಲು ಟಿಕೆಟ್ ಬೇಡ.