‘ಈಗ ಏನು ಓದ್ತಾ ಇದ್ದೀಯ?’ ಅಂತ ಕೇಳುವವರಿಗೆ: ಸ್ಟೋರಿಗ್ರಾಫ್ ಆ್ಯಪ್ ಬಗ್ಗೆ

ಸದ್ಯಕ್ಕೆ ನಾವು ನಾಲ್ಕು ಜನ ಸೇರಿ ಒಂದೇ ಕಾದಂಬರಿ ಓದುತ್ತಿದ್ದೇವೆ. ನಾನು 131ನೇ ಪುಟದಲ್ಲಿದ್ದೇನೆ. ಅಕ್ಕ ನನಗಿಂತ ಅರವತ್ತು ಪುಟ ಮುಂದೆ ಹೋಗಿದ್ದಾಳೆ. ಅವಳ ಮಗಳು ಮೊನ್ನೆಯೇ ಮುಗಿಸಿಬಿಟ್ಟಳು. ಹಳೆಯ ಸಹೋದ್ಯೋಗಿಯೊಬ್ಬರು ಅದೇ ಪುಸ್ತಕವನ್ನು ಆಡಿಯೊದಲ್ಲಿ ಕೇಳುತ್ತಾ ನಿಧಾನವಾಗಿ ಹಿಂದೆ ಬರುತ್ತಿದ್ದಾರೆ. ಮೂವರೂ ಅಲ್ಲಲ್ಲಿ ಟಿಪ್ಪಣಿ ಬರೆದಿದ್ದಾರೆ. ಆದರೆ ನನಗೆ ಓದಲು ಸಿಗುವುದು ನಾನು ದಾಟಿ ಬಂದ ಪುಟಗಳದ್ದು ಮಾತ್ರ. ಮುಂದಿನದಕ್ಕೆಲ್ಲ ಬೀಗ. ನಾನು ಅಲ್ಲಿಗೆ ಹೋಗಿ ಮುಟ್ಟಿದ ಮೇಲೆ ಬೀಗ ತೆರೆಯುತ್ತದೆ. ಓದಿದ, ಓದುತ್ತಿರುವ ಪುಸ್ತಕಗಳ ಲೆಕ್ಕ ಇಟ್ಟುಕೊಳ್ಳುವ ಸ್ಟೋರಿಗ್ರಾಫ್ ಎಂಬ ಈ ಆ್ಯಪ್ ಬಗ್ಗೆ ನಾನು ಇಷ್ಟುದ್ದ ಬರೆಯಲು ಕೂತಿದ್ದು ಮುಖ್ಯವಾಗಿ ಈ ಒಂದು ಸೌಲಭ್ಯಕ್ಕಾಗಿ.

ಯಾಕೆ ಅಂತ ಹೇಳ್ತೀನಿ. ಪುಸ್ತಕ ಮುಗಿಸಿದ ಮೇಲೆ ಆಡುವ ಮಾತೇ ಬೇರೆ, ಓದುತ್ತಿರುವಾಗ ಆಡುವ ಮಾತೇ ಬೇರೆ. ಮುಗಿಸಿದ ಮೇಲೆ ಎಲ್ಲರ ಬಳಿಯೂ ಒಂದು ಅಭಿಪ್ರಾಯ ಇರುತ್ತದೆ, ಚೆನ್ನಾಗಿದೆ, ಸುಮಾರಾಗಿದೆ, ಕೊನೆ ಸರಿ ಬರಲಿಲ್ಲ, ಅಷ್ಟೇ. ಅರ್ಧದಲ್ಲಿದ್ದಾಗ ಹಾಗಲ್ಲ. ಈ ಮನುಷ್ಯ ಸುಳ್ಳು ಹೇಳ್ತಿದ್ದಾನೆ ಅನ್ನೋ ಅನುಮಾನ, ಈ ತಾಯಿ ಯಾಕೆ ಸುಮ್ನಿದ್ದಾಳೆ ಅನ್ನೋ ಸಿಟ್ಟು, ಮುಂದೆ ಹೀಗಾಗಬಹುದು ಅನ್ನೋ ಊಹೆ, ಒಂದು ಸಾಲು ಓದಿ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಇದೆಲ್ಲ ಮುಗಿಸುವ ಹೊತ್ತಿಗೆ ಮರೆತೇ ಹೋಗಿರುತ್ತದೆ. ನನಗೆ ಗೆಳೆಯರಿಂದ ಬೇಕಾಗಿರುವುದು ಆ ಮಾತು. ಅದಕ್ಕೇ ‘ಏನೇನು ಓದಿದ್ದೀರಿ’ ಅನ್ನುವುದಕ್ಕಿಂತ ‘ಈಗ ಏನು ಓದ್ತಾ ಇದ್ದೀರಿ’ ಅನ್ನುವ ಪ್ರಶ್ನೆ ನನಗೆ ಜಾಸ್ತಿ ಇಷ್ಟ.

ಮೊದಲು ನಾವು ಫೋನಿನ ಒಂದು ಗುಂಪಿನಲ್ಲಿ ಇದನ್ನು ಮಾಡುತ್ತಿದ್ದೆವು. ಒಬ್ಬರು ಮುಂದೆ, ಒಬ್ಬರು ಹಿಂದೆ. ಒಂದು ಪತ್ತೇದಾರಿ ಕಾದಂಬರಿ ನಾನು ಮುಕ್ಕಾಲು ಮುಗಿಸಿದ್ದಾಗ ಬೆಳಗ್ಗೆ ಎದ್ದು ಫೋನ್ ನೋಡಿದರೆ, ಕೊಲೆ ಮಾಡಿದ್ದು ಯಾರು ಅಂತ ಒಬ್ಬರು ಬರೆದುಬಿಟ್ಟಿದ್ದರು. ಅವರಿಗೆ ನಾವೆಲ್ಲ ಮುಗಿಸಿದ್ದೇವೆ ಅನ್ನುವ ನಂಬಿಕೆ. ಅವರ ತಪ್ಪಿಲ್ಲ. ಆದರೆ ಆಮೇಲೆ ಎಲ್ಲರೂ ಹುಷಾರಾಗಿ ಬರೆಯಲು ಶುರು ಮಾಡಿದೆವು, ಹುಷಾರಾಗಿ ಬರೆದಾಗ ಹೇಳಲು ಏನೂ ಉಳಿಯಲಿಲ್ಲ, ನಿಧಾನವಾಗಿ ಗುಂಪು ತಣ್ಣಗಾಯಿತು.

ಈಗ ಆ್ಯಪ್ ವಿಷಯ. ನಾಡಿಯಾ ಒಡುನಾಯೊ ಎಂಬ ಬ್ರಿಟಿಷ್ ಸಾಫ್ಟ್‌ವೇರ್ ಎಂಜಿನಿಯರ್ 2019ರಲ್ಲಿ ಬಿಡುವಿನ ಕೆಲಸ ಅಂತ ಶುರು ಮಾಡಿದ್ದು ಇದು. ದೊಡ್ಡ ಕಂಪನಿಯ ಕೈಯಲ್ಲಿ ಇಲ್ಲ. ಜಾಹೀರಾತು ಇಲ್ಲ. ಖರ್ಚಿಲ್ಲದೆ ಬಳಸಬಹುದು, ಬೇಕಾದವರಿಗೆ ಹಣ ಕೊಟ್ಟು ಪಡೆಯುವ ‘ಪ್ಲಸ್’ ಇದೆ. ಪ್ಲಸ್‌ನಲ್ಲಿ ಹೆಚ್ಚಿನ ಚಾರ್ಟ್‌ಗಳು, ಒಂದು ವರ್ಷದ ಓದನ್ನು ಇನ್ನೊಂದು ವರ್ಷದ ಜೊತೆ ಹೋಲಿಸುವುದು, ಈ ಥರದ್ದೆಲ್ಲ ಸಿಗುತ್ತದೆ. ನನಗೆ ಅದು ಬೇಕು ಅನಿಸಿಲ್ಲ. ಜೊತೆಯಾಗಿ ಓದುವ ಸೌಲಭ್ಯ ಖರ್ಚಿಲ್ಲದೆಯೇ ಸಿಗುವಾಗ ನನಗೆ ಅಷ್ಟೇ ಸಾಕು.

ಇದಕ್ಕೂ ಮುಂಚೆ ನಾನು ಬಹಳ ವರ್ಷ ಗುಡ್‌ರೀಡ್ಸ್ ಎಂಬ, ಓದುಗರು ಪುಸ್ತಕಗಳ ಬಗ್ಗೆ ಬರೆಯುವ ತಾಣದಲ್ಲಿದ್ದೆ. ಅದು 2007ರಲ್ಲಿ ಶುರುವಾಗಿದ್ದು, 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಜನ ಅಲ್ಲೇ ಜಾಸ್ತಿ. ಯಾವ ಪುಸ್ತಕ ಹುಡುಕಿದರೂ ಯಾರಾದರೂ ಏನಾದರೂ ಬರೆದಿರುತ್ತಾರೆ, ಆ ಲಾಭ ದೊಡ್ಡದು, ಇವತ್ತಿಗೂ ಹೊಸ ಪುಸ್ತಕದ ಬಗ್ಗೆ ಹತ್ತು ಜನ ಏನಂತಾರೆ ಅಂತ ನೋಡಲು ನಾನು ಅಲ್ಲಿಗೇ ಹೋಗುವುದು. ಆದರೆ ನಕ್ಷತ್ರಗಳ ವಿಷಯ ನನಗೆ ಯಾವಾಗಲೂ ಒಂದು ತೊಡಕು. ಅಲ್ಲಿ ಒಂದರಿಂದ ಐದರವರೆಗೆ ಪೂರ್ತಿ ನಕ್ಷತ್ರ ಮಾತ್ರ ಕೊಡಬಹುದು, ಅರ್ಧ ಇಲ್ಲ. ಇನ್ನೊಂದು ಸಂಗತಿ ಬಹಳ ಜನ ಗಮನಿಸಿರುವುದಿಲ್ಲ. ಆ ತಾಣದ ಸ್ವಂತ ವಿವರಣೆ ಪ್ರಕಾರ ಎರಡು ನಕ್ಷತ್ರ ಅಂದರೆ ‘ಪರವಾಗಿಲ್ಲ’, ಮೂರು ಅಂದರೆ ‘ಇಷ್ಟವಾಯಿತು’. ಅಂದರೆ ಮೂರು ನಕ್ಷತ್ರ ಬೈಗುಳ ಅಲ್ಲವೇ ಅಲ್ಲ! ಆದರೆ ನಾವು ಓದುವುದು ಹಾಗೆ ಅಲ್ಲವಲ್ಲ. ಮೂರು ಕಂಡ ಕೂಡಲೇ ‘ಓ, ಸಾಧಾರಣ’ ಅಂದುಕೊಂಡು ಮುಂದೆ ಹೋಗುತ್ತೇವೆ.

ಸ್ಟೋರಿಗ್ರಾಫ್‌ನಲ್ಲಿ ಕಾಲು ನಕ್ಷತ್ರದ ಲೆಕ್ಕದಲ್ಲಿ ಕೊಡಬಹುದು. 3.75, 4.25, ಹೀಗೆ. ಶುರುವಿನಲ್ಲಿ ಖುಷಿಯಾಯಿತು, ಆಮೇಲೆ ಅದರಿಂದ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. ನಿಜವಾದ ವ್ಯತ್ಯಾಸ ಇರುವುದು ಅದು ಕೇಳುವ ಪ್ರಶ್ನೆಗಳಲ್ಲಿ. ಪುಸ್ತಕ ಮುಗಿಸಿದಾಗ ಅದರ ಭಾವ ಯಾವುದು ಅಂತ ಕೇಳುತ್ತದೆ, ಕತ್ತಲೆಯದ್ದಾ, ನಗಿಸುವಂಥದ್ದಾ, ಯೋಚನೆಗೆ ಹಚ್ಚುವಂಥದ್ದಾ, ದುಃಖದ್ದಾ. ಓಟ ನಿಧಾನವಾ, ಮಧ್ಯಮವಾ, ವೇಗವಾ. ಕಥೆಯನ್ನು ನಡೆಸುವುದು ಘಟನೆಗಳೋ ಪಾತ್ರಗಳೋ. ನೂರಾರು ಜನ ಉತ್ತರ ಕೊಟ್ಟಿದ್ದರೆ ಅದೆಲ್ಲ ಸೇರಿ ಆ ಪುಸ್ತಕದ ಒಂದು ಚಿತ್ರ ಸಿಗುತ್ತದೆ. ‘4.1’ ಅನ್ನುವ ಅಂಕಿಗಿಂತ ‘ನಿಧಾನ, ದುಃಖ, ಪಾತ್ರಗಳೇ ಮುಖ್ಯ’ ಅನ್ನುವ ಮೂರು ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂದಿವೆ. ಕೆಲಸದ ಒತ್ತಡ ಇರುವ ವಾರ ನಿಧಾನದ ಪುಸ್ತಕ ಕೈಗೆತ್ತಿಕೊಂಡು ಅದಕ್ಕೂ ಅನ್ಯಾಯ ಮಾಡಿ ನನಗೂ ಬೇಜಾರು ಮಾಡಿಕೊಳ್ಳುವುದು ಈಗ ಕಡಿಮೆಯಾಗಿದೆ.

ಇನ್ನೊಂದು ಸಂಗತಿ ಇದೆ, ಅದು ನನಗೆ ಮನಸ್ಸಿಗೆ ಹತ್ತಿರವಾದದ್ದು. ಪುಸ್ತಕದಲ್ಲಿ ನೋವು ಕೊಡಬಹುದಾದ ವಿಷಯ ಏನಿದೆ ಅಂತ ಓದುಗರೇ ಗುರುತು ಹಾಕಿರುತ್ತಾರೆ. ಸ್ವಲ್ಪ ಇದೆಯಾ, ಸಾಕಷ್ಟು ಇದೆಯಾ, ವಿವರವಾಗಿಯೇ ಇದೆಯಾ ಅಂತ ಬೇರೆ ಬೇರೆಯಾಗಿ. ಬೇಕಾದರೆ ಮಾತ್ರ ತೆರೆದು ನೋಡಬಹುದು. ನಮ್ಮ ಗೆಳತಿಯೊಬ್ಬಳು ಅಪ್ಪನನ್ನು ಕಳೆದುಕೊಂಡ ಮೇಲೆ ಕೆಲವು ತಿಂಗಳು ಓದುವುದನ್ನೇ ಬಿಟ್ಟಿದ್ದಳು. ಯಾವ ಪುಟದಲ್ಲಿ ಏನು ಎದುರಾಗುತ್ತದೋ ಅನ್ನುವ ಭಯ. ನಾನು ಅವಳಿಗೆ ಪುಸ್ತಕ ಆರಿಸಿ ಕೊಡುವ ಮುಂಚೆ ಈ ಗುರುತುಗಳನ್ನು ನೋಡಿ ಕೊಡುತ್ತಿದ್ದೆ. ಅವಳು ಮತ್ತೆ ಓದಲು ಶುರು ಮಾಡಿದ್ದು ಹಾಗೆ. ಈ ಗುರುತುಗಳು ಕಥೆಯ ಗುಟ್ಟು ಬಿಟ್ಟುಕೊಡುತ್ತವೆ ಅಂತ ಕೆಲವರಿಗೆ ಆಕ್ಷೇಪ ಇದೆ. ಬೇಡದವರು ತೆರೆಯದೆ ಇರಬಹುದಲ್ಲ ಅನ್ನುವುದು ನನ್ನ ಮಾತು.

ಮೆಚ್ಚಿನ ಲೇಖಕರ ವಿಷಯಕ್ಕೆ ಬಂದರೆ, ಈ ಆ್ಯಪ್ ನನಗೆ ಒಂದು ಸತ್ಯ ತೋರಿಸಿತು. ನೀವು ಯಾರನ್ನು ಎಷ್ಟು ಓದಿದ್ದೀರಿ ಅನ್ನುವ ಪಟ್ಟಿ ಇದರಲ್ಲಿ ಸಿಗುತ್ತದೆ. ನಾನು ಇಪ್ಪತ್ತು ವರ್ಷದಿಂದ ಕೇಳಿದವರಿಗೆಲ್ಲ ಒಬ್ಬರೇ ಲೇಖಕರ ಹೆಸರು ಹೇಳುತ್ತಾ ಬಂದಿದ್ದೇನೆ. ಪಟ್ಟಿ ನೋಡಿದರೆ ಅವರು ಮೇಲಿನ ಹತ್ತರಲ್ಲೇ ಇಲ್ಲ. ಅವರ ಮೂರೇ ಪುಸ್ತಕ ಓದಿದ್ದೇನೆ, ಅದೂ ಕಾಲೇಜಿನ ದಿನಗಳಲ್ಲಿ. ಮೊದಲ ಸ್ಥಾನದಲ್ಲಿದ್ದದ್ದು ನಾನು ಯಾವತ್ತೂ ಯಾರ ಮುಂದೆಯೂ ಹೆಸರೆತ್ತದ, ಪ್ರಯಾಣದಲ್ಲಿ, ಜ್ವರ ಬಂದಾಗ, ನಿದ್ದೆ ಬಾರದಿದ್ದಾಗ ಕೈ ತಾನಾಗಿ ಹೋಗುವ ಒಬ್ಬ ಪತ್ತೇದಾರಿ ಕಾದಂಬರಿಕಾರ್ತಿ. ಹದಿನಾಲ್ಕು ಪುಸ್ತಕ! ಇದರ ಬಗ್ಗೆ ಅಕ್ಕನ ಹತ್ತಿರ ಗಂಟೆಗಟ್ಟಲೆ ಮಾತಾಡಿದೆ. ಅವಳು ಹೇಳಿದ್ದು, ಜಾಸ್ತಿ ಓದಿದವರೇ ಮೆಚ್ಚಿನವರು ಆಗಬೇಕಿಲ್ಲ, ಆ ಮೂರು ಪುಸ್ತಕ ನಿನ್ನನ್ನು ಓದುವವಳನ್ನಾಗಿ ಮಾಡಿದವು, ಅದು ಬೇರೆ ಸಾಲ. ನನಗೆ ಅದು ಸರಿ ಅನಿಸಿತು. ಆದರೂ ಈಗ ಮೆಚ್ಚಿನವರು ಯಾರು ಅಂತ ಕೇಳಿದರೆ ಎರಡೂ ಹೆಸರು ಹೇಳುತ್ತೇನೆ.

ಅರ್ಧಕ್ಕೆ ಬಿಟ್ಟ ಪುಸ್ತಕಗಳಿಗೆ ಇಲ್ಲಿ ಪ್ರತ್ಯೇಕ ಜಾಗ ಇದೆ, ‘ಮುಗಿಸಲಿಲ್ಲ’ ಅಂತ ಹಾಕಿ ಯಾಕೆ ಅಂತಲೂ ಬರೆಯಬಹುದು. ‘ಮುಂದೆ ಓದುವುದು’ ಅಂತ ಐದು ಪುಸ್ತಕಗಳ ಪುಟ್ಟ ಸಾಲು ಮಾಡಿಟ್ಟುಕೊಳ್ಳಬಹುದು. ಓದಬೇಕಾದ ನಾನೂರು ಪುಸ್ತಕದ ಪಟ್ಟಿ ನೋಡಿ ಕಂಗಾಲಾಗುವವರಿಗೆ ಇದು ಒಳ್ಳೆಯದು. ಪ್ರತಿದಿನ ತಪ್ಪದೆ ಓದಿದ್ದರ ಎಣಿಕೆ, ವರ್ಷಕ್ಕೆ ಇಷ್ಟು ಪುಸ್ತಕ ಅನ್ನುವ ಗುರಿ, ಇವೂ ಇವೆ. ಕೆಲವರಿಗೆ ಇದರಿಂದ ಹುರುಪು ಬರುತ್ತದೆ. ನನಗೆ ಬೇಡ. ಗುರಿ ಇಟ್ಟುಕೊಂಡ ವರ್ಷ ನಾನು ತೆಳ್ಳನೆಯ ಪುಸ್ತಕಗಳನ್ನೇ ಆರಿಸಿಕೊಳ್ಳುತ್ತಿದ್ದೆ.

ಕಷ್ಟಗಳನ್ನೂ ಹೇಳಬೇಕು. ಆ್ಯಪ್ ಇಂಗ್ಲಿಷ್‌ನಲ್ಲಿದೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಪುಸ್ತಕಗಳು, ಅದರಲ್ಲೂ ಹಳೆಯವು, ಹುಡುಕಿದ ಕೂಡಲೇ ಸಿಗುತ್ತವೆ ಅಂದುಕೊಳ್ಳಬೇಡಿ. ಇದು ಇಂಥ ಎಲ್ಲ ತಾಣಗಳ ಕಥೆ. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಪುಸ್ತಕ ಬರುತ್ತದೆ, ನಿಜ. ಆದರೆ ಆ ಬಾರ್‌ಕೋಡ್ ನಿಂತಿರುವುದು ಐಎಸ್‌ಬಿಎನ್, ಅಂದರೆ ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆಯ ಮೇಲೆ. ಅದು ಅಂತರರಾಷ್ಟ್ರೀಯ ಮಾನದಂಡವಾಗಿದ್ದೇ 1970ರಲ್ಲಿ, ಹತ್ತು ಅಂಕಿಯಿಂದ ಹದಿಮೂರು ಅಂಕಿಗೆ ಹೋಗಿದ್ದು 2007ರಲ್ಲಿ. ಅಜ್ಜನ ಕಾಲದ ಪ್ರತಿಯ ಹಿಂದೆ ಏನೂ ಇರುವುದಿಲ್ಲ. ಆಗ ಹೆಸರು, ಲೇಖಕರು, ಪುಟಗಳ ಸಂಖ್ಯೆ ಎಲ್ಲ ನಾವೇ ತುಂಬಿ ಸೇರಿಸಬೇಕು. ಒಂದು ಪುಸ್ತಕಕ್ಕೆ ಐದು ನಿಮಿಷ ಹಿಡಿಯಬಹುದು. ದಯವಿಟ್ಟು ಸೇರಿಸಿ, ನಾವು ಸೇರಿಸದಿದ್ದರೆ ಬೇರೆ ಯಾರು ಸೇರಿಸುತ್ತಾರೆ?

ಪಟ್ಟಿಯನ್ನು ಹೊರಗೆ ತೆಗೆದಿಟ್ಟುಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಬಹಳ ಹಿಂದೆ ನಾನು ಬಳಸುತ್ತಿದ್ದ ಒಂದು ಚಿಕ್ಕ ಆ್ಯಪ್ ಒಂದು ದಿನ ನಿಂತೇ ಹೋಯಿತು. ಆರು ವರ್ಷದ ಓದಿನ ಪಟ್ಟಿ, ಪುಟದ ಪಕ್ಕದಲ್ಲಿ ಬರೆದುಕೊಂಡಂಥ ಟಿಪ್ಪಣಿಗಳು, ಎಲ್ಲ ಹೋಯಿತು. ಈಗಲೂ ನೆನೆಸಿಕೊಂಡರೆ ಸಂಕಟ ಆಗುತ್ತದೆ. ಗುಡ್‌ರೀಡ್ಸ್‌ನಿಂದ ನಿಮ್ಮ ಪಟ್ಟಿಯ ಸಿಎಸ್‌ವಿ ಫೈಲ್ (ಸಾಲು ಸಾಲಾಗಿ ಮಾಹಿತಿ ಇರುವ ಸಾದಾ ಫೈಲ್) ಇಳಿಸಿಕೊಂಡು ಸ್ಟೋರಿಗ್ರಾಫ್‌ಗೆ ಏರಿಸಬಹುದು, ನಾನು ಬಂದಿದ್ದೂ ಹಾಗೇ. ಇಲ್ಲಿಂದಲೂ ಪಟ್ಟಿ ಇಳಿಸಿಕೊಳ್ಳಬಹುದು. ನಾನು ಮೂರು ತಿಂಗಳಿಗೊಮ್ಮೆ ಇಳಿಸಿ ಬೇರೆ ಕಡೆ ಇಡುತ್ತೇನೆ.

ಮನೆಯಲ್ಲಿರುವ ಪುಸ್ತಕಗಳ ಪಟ್ಟಿಯೇ ಮುಖ್ಯ ಅನ್ನುವವರಿಗೆ ನಾನು ಹೇಳುವುದು ಲೈಬ್ರರಿಥಿಂಗ್ ಎಂಬ ತಾಣ. ಅದು 2005ರಿಂದ ಇದೆ, 2020ರಿಂದ ಎಲ್ಲರಿಗೂ ಉಚಿತ. ಅದರಲ್ಲಿ ಒಂದು ವಿಶೇಷ ಇದೆ, ತೀರಿಹೋದ ಪ್ರಸಿದ್ಧರ ಸ್ವಂತ ಗ್ರಂಥಾಲಯದಲ್ಲಿ ಯಾವ ಯಾವ ಪುಸ್ತಕ ಇದ್ದವು ಅಂತ ಸದಸ್ಯರು ಕೂತು ಪಟ್ಟಿ ಮಾಡಿದ್ದಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್‌ದು ಇದೆ, ಕಾದಂಬರಿಕಾರ ಹೆಮಿಂಗ್ವೆಯದು ಇದೆ. ಮೆಚ್ಚಿನ ಲೇಖಕರ ಪುಸ್ತಕ ಓದುವುದು ಸರಿ, ಅವರ ಕಪಾಟಿನಲ್ಲಿ ಏನಿತ್ತು ಅಂತ ನೋಡುವುದು ಇನ್ನೊಂದು ಥರದ ಖುಷಿ. ನಾನು ಒಂದು ಭಾನುವಾರ ಪೂರ್ತಿ ಅದರಲ್ಲೇ ಕಳೆದಿದ್ದೇನೆ.

ಜೊತೆ ಓದು ಶುರು ಮಾಡುವವರಿಗೆ ಎರಡು ಮಾತು. ಮೂರು ನಾಲ್ಕು ಜನ ಸಾಕು, ಜಾಸ್ತಿಯಾದರೆ ಯಾರ ಟಿಪ್ಪಣಿಗೂ ಯಾರೂ ಉತ್ತರ ಕೊಡುವುದಿಲ್ಲ. ಮೊದಲ ಸಲ 250 ಪುಟದೊಳಗಿನ ಪುಸ್ತಕ ಇರಲಿ. ಎಲ್ಲರ ಪ್ರತಿಯೂ ಒಂದೇ ಮುದ್ರಣದ್ದಲ್ಲದಿದ್ದರೆ ಪುಟದ ಬದಲು ಶೇಕಡಾ ಲೆಕ್ಕ ಹಾಕಿ. ನಿಮ್ಮ 90ನೇ ಪುಟ ನನ್ನ 110 ಆಗಿರಬಹುದು, ಆಗ ಬೀಗ ತಪ್ಪು ಜಾಗದಲ್ಲಿ ತೆರೆಯಬಹುದು. ನಮ್ಮ ಆಡಿಯೊ ಕೇಳುವ ಸಹೋದ್ಯೋಗಿಯೂ ಹೀಗೆಯೇ ನಮ್ಮ ಜೊತೆ ಸೇರಿಕೊಂಡಿದ್ದು. ಇನ್ನೊಂದು, ಬುದ್ಧಿವಂತಿಕೆಯ ಟಿಪ್ಪಣಿಯೇ ಬರೆಯಬೇಕು ಅಂತಿಲ್ಲ. ಅಕ್ಕನ ಮಗಳು ಒಂದು ಕಡೆ ಬರೀ ‘ಇಲ್ಲ ಇಲ್ಲ ಇಲ್ಲ’ ಅಂತ ಬರೆದಿದ್ದಳು, ಆ ಪುಟಕ್ಕೆ ನಾನು ಬಂದಾಗ ಅದಕ್ಕಿಂತ ಸರಿಯಾದ ಮಾತು ನನಗೂ ಸಿಗಲಿಲ್ಲ.

ಅಕ್ಕ 190ನೇ ಪುಟದಲ್ಲಿ ಏನೋ ಬರೆದಿದ್ದಾಳಂತೆ. ‘ಅಲ್ಲಿಗೆ ಬಂದೆಯಾ’ ಅಂತ ಎರಡು ದಿನದಿಂದ ಕೇಳುತ್ತಲೇ ಇದ್ದಾಳೆ. ಇನ್ನು 59 ಪುಟ ಇದೆ, ನಾನು ಹೊರಟೆ.